ಗೋಡೆಗೆ ಕಾಲು

3 ಜೂನ್ 1942, ಬೆಳಿಗ್ಗೆ
ಇವತ್ತೂ ಆಗಲಿಲ್ಲ. ಕಾಲು ಗೋಡೆಯ ಅರ್ಧಕ್ಕೆ ಹೋಗಿ ನಿಂತವು. ಹೊಟ್ಟೆ ಎದೆಯ ಮೇಲೆ ಬೀಳುತ್ತದೆ, ಎದೆ ಗಂಟಲನ್ನು ಒತ್ತುತ್ತದೆ — ಉಸಿರೇ ಇಲ್ಲ. ಸರ್ವಾಂಗಾಸನ ಮಾಡಿದರೆ ಗರ್ಭ ನಿಲ್ಲುತ್ತದೆ ಎಂದು ಯೋಗದ ಮೇಷ್ಟ್ರು ಇವರ ಹತ್ತಿರ ಹೇಳಿ ಕಳಿಸಿದರು. ದಪ್ಪಗಿರುವವರು ಹೇಗೆ ಮಾಡಬೇಕೆಂದು ಹೇಳಲಿಲ್ಲ. ಪಕ್ಕದ ಮನೆಯ ಶಂಶುನ್ನೀಸಾ ಕಾಲು ಹಿಡಿಯುತ್ತಾಳೆ. ಸೀರೆ ಜಾರುತ್ತದೆಂದು ತನ್ನ ಎರಡು ಷಲ್ವಾರ್‌ಗಳ ಹೊಲಿಗೆ ಬಿಚ್ಚಿ, ಸೇರಿಸಿ ನನಗೊಂದು ಹೊಲಿದುಕೊಟ್ಟಳು. ಪುಣ್ಯಾತ್ಗಿತ್ತಿ.
ಮದುವೆಯಾಗಿ ಒಂಬತ್ತು ವರ್ಷ. ದೀಪಾವಳಿಯೊಳಗೆ ಬಸುರಾಗದಿದ್ದರೆ ನನ್ನ ತಂಗಿ ಆದಿಲಕ್ಷ್ಮಿಯನ್ನೇ ಇವರಿಗೆ ತರುತ್ತಾರಂತೆ. ಅತ್ತೆಯ ತೀರ್ಮಾನ.

18 ಜುಲೈ
ಹೊರಗೆ ಕೂತಿದ್ದೇನೆ. ಸುಳ್ಳು. ನನಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ಆದರೆ ಹೆಚ್ಚು. ಗೊತ್ತಾದರೆ ಅತ್ತೆ ದೀಪಾವಳಿಯವರೆಗೂ ಕಾಯುವುದಿಲ್ಲ. ಅದಕ್ಕೇ ಪ್ರತಿ ತಿಂಗಳೂ ಹಿತ್ತಿಲಲ್ಲಿ ಮೂರು ದಿನ. ತಟ್ಟೆ ಬೇರೆ, ಚಾಪೆ ಬೇರೆ. ಬೆನ್ನು ಬಗ್ಗಿಸುವ ಆಸನ ಕದ್ದು ಮಾಡುತ್ತೇನೆ. ಕೈ ಮೊಣಕಾಲು ದಾಟುವುದಿಲ್ಲ.

9 ಆಗಸ್ಟ್
ನಿಂತೆ. ಎರಡು ಕಾಲೂ ನೆಟ್ಟಗೆ. ಶಂಶುನ್ನೀಸಾ ಇಪ್ಪತ್ತು ಎಣಿಸಿ ಕೈ ಬಿಟ್ಟಳು, ಬೀಳಲಿಲ್ಲ. ಈ ಮೈಯ ಮೇಲೆ ಇವತ್ತೊಂದು ದಿನ ಸಿಟ್ಟು ಬರಲಿಲ್ಲ.
ಆಮೇಲೆ ವಾಂತಿ. ತಲೆಕೆಳಗಾದದ್ದಕ್ಕೇ ಇರಬೇಕು.

20 ಆಗಸ್ಟ್
ಹೊರಗೆ. ಸುಳ್ಳೇ.

16 ಸೆಪ್ಟೆಂಬರ್
ಹೊರಗೆ.

23 ಸೆಪ್ಟೆಂಬರ್
ಇವರೂ ಅತ್ತೆಯೂ ಹೊರಮಾವಿಗೆ ಹೋಗಿದ್ದರು — ನನ್ನ ತವರಿಗೆ, ಹೆಣ್ಣು ಕೇಳಲು. ಬಾವಿಯ ಹತ್ತಿರ ರಕ್ತ. ನಿಲ್ಲಲಿಲ್ಲ. ಶಂಶುನ್ನೀಸಾ ಸೂಲಗಿತ್ತಿ ಜಹನಾರಾಬಿಯನ್ನು ಕರೆತಂದಳು. ಮೂರು ತಿಂಗಳಾಗಿತ್ತಂತೆ. ಆಸನದಿಂದಲೇ ಹೋಯಿತಾ ಎಂದು ಕೇಳಿದೆ. ಅಲ್ಲಾಗೇ ಗೊತ್ತು ಅಂದಳು.
ಮೂರು ತಿಂಗಳು ಒಳಗಿತ್ತು. ನಾನು ಬೊಜ್ಜು ಅಂದುಕೊಂಡೆ...

25 ಸೆಪ್ಟೆಂಬರ್
ಅತ್ತೆಗೆ ಹೇಳಿದೆ — ಬಸುರಾಗಿದ್ದೆ, ಇನ್ನೊಂದು ವರ್ಷ ಕೊಡಿ. ಅವರು ಬೆರಳು ಮಡಿಸಿದರು.
"ಆಷಾಢ್ದಲ್ಲಿ ಕೂತೆ. ಶ್ರಾವಣ್ದಲ್ಲಿ ಕೂತೆ. ಗೌರಿ ಹಬ್ಬ ಆದ್ಮೇಲೂ ಕೂತೆ. ತಟ್ಟೆ ತಳ್ಳಿದ್ದು ನಾನೇ ಅಲ್ವೇನೇ? ಯಾವ ಬಸುರು?"
ಇವರು ನನ್ನ ಮುಖ ನೋಡಿದರು. ಕೂತದ್ದೇ ಸುಳ್ಳು ಅಂದರೆ, ನನಗೆ ತಿಂಗಳು ಸರಿಯಾಗಿ ಆಗದ್ದೂ ಹೊರಬೀಳುತ್ತದೆ. ಇವರು ಎದ್ದು ಹೋದರು.

12 ಅಕ್ಟೋಬರ್, ಮಧ್ಯಾಹ್ನ
ಮದುವೆ ದೀಪಾವಳಿ ಕಳೆದ ಮೇಲೆ, ಆದಿಲಕ್ಷ್ಮಿ ಈಗಲೇ ಬಂದಿದ್ದಾಳೆ. ಹದಿನೇಳು ವರ್ಷ, ಕಡ್ಡಿಯಂಥ ಮೈ. ಅವಳಿಗೂ ಆಸನ ಹೇಳಿಕೊಡಬೇಕಂತೆ, ಅತ್ತೆಯ ಅಪ್ಪಣೆ. ಕೋಣೆಯ ಬಾಗಿಲು ಮುಚ್ಚಿ ನನ್ನ ಕೈ ಹಿಡಿದುಕೊಂಡಳು.
"ಅಕ್ಕಾ, ನಂಗೂ ತಿಂಗ್ಳು ಸರಿಯಾಗಿ ಆಗಲ್ಲ. ಯಾರ್ಗೂ ಹೇಳ್ಬೇಡ. ನಾನೇನ್ ಮಾಡ್ಲಿ?"
ಈಗ ನಿದ್ದೆ ಮಾಡುತ್ತಿದ್ದಾಳೆ. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಒಂದು ಮಾತು ಕಿವಿಗೆ ಹಾಕಿದರೆ ಈ ಮದುವೆ ನಿಲ್ಲುತ್ತದೆ. ಅವಳನ್ನು ಆಮೇಲೆ ಯಾರೂ ಕೇಳುವುದಿಲ್ಲ. ಗೊತ್ತು. ಆದರೂ ಎದ್ದು ಜಗಲಿಗೆ ಹೋಗುತ್ತಿದ್ದೇನೆ, ಹೇಳಿಬಿಡಲು.