ಎರಡನೇ ಮ್ಯಾಗಜಿನ್‌ನ ಅಭ್ಯಂಜನ

ಅಕ್ಟೋಬರ್ 3, ಶುಕ್ರವಾರ

ಪಿಸ್ತೂಲು ಇವತ್ತು ಎರಡನೇ ಸಲ ಸಿಕ್ಕಿಕೊಂಡಿತು. ಮೂರನೇ ಗುಂಡಿಗೆ. ಮೇಲಿನ ಜಾರುವ ಭಾಗ, ಸ್ಲೈಡ್, ಪೂರ್ತಿ ಮುಂದೆ ಬರಲಿಲ್ಲ. ಗುಂಡು ಮೂತಿ ಕೆಳಗೆ ಹಾಕಿ ಬ್ಯಾರಲ್ಲಿನ ಹಿಂದಿನ ಬಾಯಲ್ಲೇ ನಿಂತಿತ್ತು — ಸ್ಕೂಲಿಗೆ ಹೋಗಲ್ಲ ಎಂದು ಹೊಸಿಲಲ್ಲಿ ಹಟ ಹಿಡಿದ ಮಗುವಿನ ಹಾಗೆ. ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು ಎಡಗೈ ಎತ್ತಿದೆ. ಅಶ್ವತ್ಥಮ್ಮ ಬಂದು ಖಾಲಿ ಮಾಡಿಸಿದರು. ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ನಮ್ಮ ರೇಂಜಿನ ಬೀಗದ ಕೈ, ಬೈಗುಳ ಎರಡೂ ಅವರ ಸುಪರ್ದಿಯಲ್ಲಿ.

"ಪೂಜೆ ದಿನ ಮೂತಿ ತಿರುಗಿಸ್ಕೊಂಡು ಹೋದ್ಯಲ್ಲ, ಅದ್ಕೇ ಮುನಿಸ್ಕೊಂಡೈತೆ ನೋಡು."

"ಮುನಿಸ್ಕೊಳ್ಳೋಕೆ ಅದಕ್ಕೆ ಮನಸ್ಸೇ ಇಲ್ಲ ಮೇಡಂ. ಸ್ಪ್ರಿಂಗ್ ಐತೆ."

ಮೊನ್ನೆ ಆಯುಧಪೂಜೆಗೆ ಕ್ಲಬ್ಬಿನ ಒಂದೇ ಒಂದು ಪಿಸ್ತೂಲಿಗೂ ಅದಕ್ಕೆ ಗುಂಡು ತುಂಬುವ ಎರಡು ಮ್ಯಾಗಜಿನ್‌ಗಳಿಗೂ ಅರಿಶಿನ ಕುಂಕುಮ ಮೆತ್ತಿದ್ದು ಅವರೇ. ನಿನ್ನೆ ಕೂತು ಪಿಸ್ತೂಲು ಒರೆಸಿದೆ. ಒಂದು ಮ್ಯಾಗಜಿನ್ ಒರೆಸಿ ಧಾರಾಳವಾಗಿ ಎಣ್ಣೆ ಬಿಟ್ಟೆ. ಇನ್ನೊಂದನ್ನು ಅವರು ಕೈಯಿಂದ ಕಿತ್ತುಕೊಂಡರು — "ಇದ್ರ ಮೇಲಾದ್ರೂ ಕುಂಕುಮ ಇರ್ಲಿ ಬಿಡು, ರಾಕ್ಷಸಿ." ಹೊರಡುವ ಮುಂಚೆ ಗನ್ ರೂಮಿನ ಬಾಗಿಲಿಗೆ ಚೀಟಿ ಅಂಟಿಸಿದೆ: ಆಯುಧಕ್ಕೆ ಬೇಕಾದ್ದು ಎಣ್ಣೆ, ಪೂಜೆಯಲ್ಲ.

ಐದೈದು ರೂಪಾಯಿಯ ವಿಚಾರವಾದಿ ಪುಸ್ತಿಕೆಗಳನ್ನು ಓದಿ ಮಡಿಚಿಡುವವಳಲ್ಲ ನಾನು. ಓದಿದಂತೆ ನಡೆಯುವವಳು. ಜ್ಯೋತಿಲಕ್ಷ್ಮಿ ಎಂಬ ಹೆಸರಲ್ಲಿ ಲಕ್ಷ್ಮಿಯನ್ನೂ ಬಿಟ್ಟಾಗಿದೆ. ಜ್ಯೋತಿ ಸಾಕು.

ಅಕ್ಟೋಬರ್ 5, ಭಾನುವಾರ

ಸೆಕ್ರೆಟರಿ ಆದಿನಾರಾಯಣಪ್ಪನವರು ಬಂದಿದ್ದರು. ಬುಧವಾರದೊಳಗೆ ಸರಿಹೋಗದಿದ್ದರೆ ಪಿಸ್ತೂಲು ಬೆಂಗಳೂರಿಗೆ, ರಿಪೇರಿಗೆ. ಬರುವುದು ಹದಿನೈದು ದಿನದ ಮೇಲೆ. ಜಿಲ್ಲಾ ತಂಡದ ಸೆಲೆಕ್ಷನ್ ಬರುವ ಭಾನುವಾರವೇ.

"ಬೇರೆ ಪಿಸ್ತೂಲು ಸರ್?"

"ಸಂತೇಲಿ ಸಿಕ್ತದೇನಮ್ಮಾ?"

ಅಂದರೆ ಸೆಲೆಕ್ಷನ್ನಿಗೆ ನಾನೂ ಇಲ್ಲ, ನನ್ನ ಜೊತೆ ಅಭ್ಯಾಸ ಮಾಡುವ ಪ್ರಮೋದಾನೂ ಇಲ್ಲ. ಇಬ್ಬರಿಗೂ ಇದೊಂದೇ. ಅವಳು ತೂಬಗೆರೆಯಿಂದ ಎರಡು ಬಸ್ ಹತ್ತಿ ಬರುತ್ತಾಳೆ. ಕಣ್ಣಲ್ಲಿ ನೀರು ತುಂಬಿತ್ತು.

"ಅಳಬೇಡ ಕಣೇ. ಹುಡುಕ್ತೀನಿ," ಎಂದೆ. ಹುಡುಕುತ್ತೇನೆ. ಯಂತ್ರ ಸುಳ್ಳು ಹೇಳುವುದಿಲ್ಲ. ಕೇಳುವ ಕ್ರಮ ಗೊತ್ತಿರಬೇಕು, ಅಷ್ಟೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು.

ಮೊದಲು ಗುಂಡು. ಹೊಸ ಡಬ್ಬಿ ಒಡೆದೆವು. ಸಿಕ್ಕಿಕೊಂಡಿತು. ಗುಂಡಿನದಲ್ಲ.

ಆಮೇಲೆ ಕೈ. ಮಣಿಕಟ್ಟು ಸಡಿಲವಾದರೂ ಸ್ಲೈಡ್ ಪೂರ್ತಿ ಓಡುವುದಿಲ್ಲ. ಪ್ರಮೋದಾ ಕೈಗೆ ಕೊಟ್ಟೆ. ರಾಗಿ ಕಟಾವು ಮಾಡಿದ ಕೈ ಅದು, ಕಬ್ಬಿಣ.

"ನನ್ಗೂ ಹಂಗೇ ಕಣೇ. ನಿನ್ ಕೈ ಅಲ್ಲ."

ಉಳಿದದ್ದು ಮ್ಯಾಗಜಿನ್. ಇಲ್ಲಿಯವರೆಗೂ ಹಾಕಿದ್ದು ನಾನು ಒರೆಸಿದ್ದನ್ನೇ. ಇನ್ನೊಂದು ನಾಳೆ.

ಅಕ್ಟೋಬರ್ 6, ಸೋಮವಾರ

ಕುಂಕುಮದ ಬೊಟ್ಟು ಇರುವ ಮ್ಯಾಗಜಿನ್ — ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಐದೈದು ತುಂಬಿ, ತುಂಬಿ, ಹೊಡೆದೆವು. ಬೆಣ್ಣೆಯಂತೆ.

ನಾನು ಒರೆಸಿದ್ದು — ಎರಡನೇ ಸಲಕ್ಕೇ ಸಿಕ್ಕಿಕೊಂಡಿತು.

ಅಶ್ವತ್ಥಮ್ಮ ಬಾಗಿಲ ಮೇಲಿನ ಚೀಟಿಯನ್ನು ಒಮ್ಮೆ ನೋಡಿದರು. ಕನ್ನಡಕ ತೆಗೆದು ಸೀರೆ ಸೆರಗಲ್ಲಿ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 8, ಬುಧವಾರ. ಸಂಜೆ

ನಿನ್ನೆ ಬರೆಯಲಿಲ್ಲ. ಬರೆಯಲು ಏನಿತ್ತು? ಬೀದಿ ತುಂಬ ಮಗ್ಗಗಳ ಸದ್ದು. ಪ್ರತಿ ಮಗ್ಗಕ್ಕೂ ಆಯುಧಪೂಜೆಯ ಒಂದೊಂದು ಒಣಗಿದ ಹಾರ. ಎಲ್ಲವೂ ಚೆನ್ನಾಗಿಯೇ ಓಡುತ್ತಿದ್ದವು, ನನ್ನನ್ನು ಅಣಕಿಸಲೆಂದೇ...

ಆದರೆ "ಪೂಜೆ ಮಾಡಿದ್ದು ಓಡಿತು, ಮಾಡದ್ದು ನಿಂತಿತು" ಎನ್ನುವುದೂ ಸುಳ್ಳು. ಪೂಜೆ ಎರಡಕ್ಕೂ ಆಗಿತ್ತು. ಬೇರೆಯಾದದ್ದು ಗುರುವಾರ, ಒರೆಸುವಾಗ. ನನ್ನ ಕೈಯಲ್ಲಿ. ಇದು ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ಮುಕ್ಕಳಿಸದೆ ಸ್ಕೂಟಿ ಕೀ ಹುಡುಕಿದೆ.

ಅಶ್ವತ್ಥಮ್ಮನ ಎದುರಲ್ಲೇ ಎರಡನ್ನೂ ಬಿಚ್ಚಿದೆ. ಬೊಟ್ಟಿನದ್ದರ ಒಳಗೆ ಕುಂಕುಮದ ಪುಡಿ ಇತ್ತು. ಒಣಗಿತ್ತು. ಮೇಜಿಗೆ ತಟ್ಟಿದರೆ ಉದುರಿತು. ನನ್ನದರ ಒಳಗೆ — ಕೆಂಪು ಗೊಜ್ಜು. ಹೊರಗೆ ಒರೆಸಿ ಹೊಳೆಯಿಸಿದ್ದೆ, ಒಳಗೆ ನೋಡಿರಲಿಲ್ಲ. ಎಣ್ಣೆ, ಕುಂಕುಮ, ಅರಿಶಿನ, ರೇಂಜಿನ ಕೆಮ್ಮಣ್ಣು ಎಲ್ಲ ಕಲಸಿ ಸ್ಪ್ರಿಂಗಿಗೆ ಮೆತ್ತಿಕೊಂಡಿದೆ. ಗುಂಡನ್ನು ಮೇಲಕ್ಕೆ ತಳ್ಳುವ ತಟ್ಟೆ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ನಿಧಾನ ಏಳುತ್ತಿತ್ತು. ಸ್ಲೈಡ್ ಕಾಯುತ್ತದೆಯೇ? ಗುಂಡು ಏಳುವ ಮುಂಚೆಯೇ ಬಂದು ಗುದ್ದುತ್ತದೆ.

"ಕುಂಕುಮ! ನೋಡಿ ಮೇಡಂ, ನಿಮ್ಮ ಕುಂಕುಮ!"

"ಆ ಇನ್ನೊಂದ್ರಲ್ಲೂ ನಂದೇ ಕಣಮ್ಮ ಇರೋದು. ಅದ್ಯಾಕೆ ಓಡ್ತು?"

ಉತ್ತರ ಗೊತ್ತಿತ್ತು. ಎಣ್ಣೆ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದೆ. ಅವರು ನೋಡಿಬಿಟ್ಟರು.

"ನಾನು ಬೊಟ್ಟು ಇಟ್ಟೆ. ಅಭ್ಯಂಜನ ಮಾಡ್ಸಿದ್ದು ನೀನು! ದೀಪಾವಳಿಗಿನ್ನೂ ಟೈಮಿತ್ತು, ತಡ್ಕಳಕ್ಕಾಗ್ಲಿಲ್ವಾ? ಮಡಿ ಹೆಂಗ್ಸೂ ಇಷ್ಟು ಎಣ್ಣೆ ಹುಯ್ಯಕಿಲ್ಲ ಕಣೇ ದೇವ್ರಿಗೆ!"

ಪ್ರಮೋದಾ ನಗಲಾರದೆ ಕೆಮ್ಮಿದಳು. ಆಮೇಲೆ ಕೆಮ್ಮಲಾರದೆ ನಕ್ಕಳು. ನನಗೂ ನಗು ಬಂತು, ಬೇಡವೆಂದರೂ.

ತೊಳೆದೆ. ಒಣ ಬಟ್ಟೆಯಲ್ಲಿ ಒರೆಸಿದೆ. ಒಂದು ತೊಟ್ಟು ಎಣ್ಣೆಯನ್ನೂ ಹಾಕಲಿಲ್ಲ. ಒಂದು ಡಬ್ಬಿ ಪೂರ್ತಿ ಹೊಡೆದೆವು. ಎಲ್ಲೂ ನಿಲ್ಲಲಿಲ್ಲ.

ಸೆಕ್ರೆಟರಿಗೆ ಫೋನ್ ಮಾಡಿದ್ದು ಅಶ್ವತ್ಥಮ್ಮನೇ. "ಬೆಂಗ್ಳೂರೇನ್ ಬೇಡ ಸಾ. ಹುಡ್ಗಿ ಕಂಡ್ಹಿಡಿದ್ಲು." ಅಭ್ಯಂಜನದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನಾನೇನೂ ಬೇಡ ಎನ್ನುತ್ತಿರಲಿಲ್ಲ.

ಅಕ್ಟೋಬರ್ 12, ಭಾನುವಾರ

ಸೆಲೆಕ್ಷನ್ ಮುಗಿಯಿತು. ಬೊಟ್ಟಿನ ಮ್ಯಾಗಜಿನ್ ಪ್ರಮೋದಾಗೆ ಕೊಟ್ಟೆ. ಎರಡನೆಯದು ನನಗೆ. "ರಿಸ್ಕ್ ಕಣೇ," ಎಂದಳು. ರಿಸ್ಕ್ ಅಲ್ಲ, ಲೆಕ್ಕ. ಕಾರಣ ಸಿಕ್ಕಮೇಲೂ ಹೆದರುವುದಾದರೆ ಹುಡುಕಿದ್ದು ಯಾಕೆ?

ರ‍್ಯಾಪಿಡ್‌ನಲ್ಲಿ ಗುಂಡಿಗೆ ಮೂರೇ ಸೆಕೆಂಡು. ಟಾರ್ಗೆಟ್ ತಿರುಗಿತು. ಒಂದು. ಎರಡು. ಮೂರನೆಯದಕ್ಕೆ ಕೈ ಎತ್ತುವಾಗ ಮಾತ್ರ ಆ ಕೆಂಪು ಗೊಜ್ಜು ನೆನಪಾಯಿತು. ಅದೂ ಹೋಯಿತು. ಐದೂ ಹೋದವು.

ಬೋರ್ಡಿನಲ್ಲಿ ಎರಡನೇ ಹೆಸರು ಪ್ರಮೋದಾ. ಮೂರನೆಯದು ನಾನು. ಮೂವರೇ ತಂಡ. ನನ್ನ ಹೆಸರು ಜ್ಯೋತಿಲಕ್ಷ್ಮಿ ಎಂದೇ ಬರೆದಿದ್ದಾರೆ, ಇರಲಿ.

ಈಗ ಗನ್ ರೂಮಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹಳೇ ಚೀಟಿ ಕಿತ್ತೆ. ಹೊಸದು ಅಂಟಿಸಿದೆ: ಮ್ಯಾಗಜಿನ್‌ಗೆ ಪೂಜೆಯೂ ಬೇಡ, ಅಭ್ಯಂಜನವೂ ಬೇಡ. ಒಣ ಬಟ್ಟೆ ಸಾಕು. ಅಶ್ವತ್ಥಮ್ಮ ಬಂದು ಅಕ್ಷರ ಅಕ್ಷರ ಬಿಡಿಸಿ ಓದಿದರು.

"ಆಯ್ತು. ಮುಂದಿನ್ ವರ್ಷ ಪೆಟ್ಟಿಗೆಗೆ ಮಾತ್ರ ಬೊಟ್ಟು ಇಡ್ತೀನಿ. ಒಳಗಿಂದಕ್ಕೆ ಮುಟ್ಟಕಿಲ್ಲ."

ಗೆದ್ದೆ ಅಂದುಕೊಂಡೆ. ಒಳಗೆ ಹೋಗಿ ಬಂದರು. ಕೈಯಲ್ಲಿ ಅದೇ ಕುಂಕುಮದ ಬಟ್ಟಲು. ಎದುರಿಗೇ ನಿಂತಿದ್ದಾರೆ.

"ಗೆದ್ದು ಬಂದವ್ಳೆ, ಹಣೆ ನೋಡು ಬೋಳು. ನಿಂಗೇನು ಸ್ಪ್ರಿಂಗ್ ಐತಾ ಸಿಕ್ಕಾಕ್ಕೊಳ್ಳಾಕೆ? ಬರೆಯೋದು ನಿಲ್ಸು. ತಲೆ ಎತ್ತು."

ಹಣೆಗೆ ಕುಂಕುಮ ಎಂದೂ ಒಪ್ಪಿದವಳಲ್ಲ. ಇದು ಪೂಜೆಯಲ್ಲ, ಇದು ಬೇರೆ, ಎಂದು ಬರೆದುಕೊಳ್ಳಬಹುದು, ಆದರೆ ಅದೂ ಒಳಗೆ ನೋಡದೆ ಹೊರಗೆ ಒರೆಸಿದ ಹೊಳಪು ಆಗಿಬಿಟ್ಟರೆ... ಬಟ್ಟಲು ಹತ್ತಿರ ಬಂತು. "ಎತ್ತೇ," ಅಂತಿದ್ದಾರೆ. ತಡೀರಿ ಮೇಡಂ, ಒಂದೇ ಒಂದು ಸಾಲು ಬರೆ