ತಾರಸಿ ಮೇಲೆ ಒಬ್ಬಳೇ ಕಬಡ್ಡಿ

ಜಯಪ್ರಿಯಾಳ ಅಪ್ಪನಿಗೆ,

ಮಗಳನ್ನ ಕರ್ಕೊಂಡು ಸಿಂಗಾನಲ್ಲೂರು ಮೈದಾನಕ್ಕೆ ಹೋಗ್ತಿದೀನಿ. ನೀವು ಹೆಸರು ತೆಗೆಸಿದ್ದ ಅದೇ ಕಬಡ್ಡಿ ಗುಂಪಿಗೆ ನಿನ್ನೆ ಮತ್ತೆ ಸೇರಿಸಿ ಬಂದೆ. ಫೋನ್ ಮಾಡಬೇಡಿ, ಎತ್ತಲ್ಲ.

ಅವಳೊಬ್ಬಳಿಗೇ ಕಲಿಸೋಕೆ ಮನೆಗೆ ಮಾಸ್ಟರನ್ನ ಗೊತ್ತು ಮಾಡಿದೀರಲ್ಲ, ತಾರಸಿ ಮೇಲೆ ಕಬಡ್ಡಿ ಕಬಡ್ಡಿ ಅಂತ ಓಡಿಹೋಗಿ ಅವಳು ಯಾರನ್ನ ಮುಟ್ಟಬೇಕು? ನೀರಿನ ಟ್ಯಾಂಕನ್ನಾ? ಮಗ್ಗ ಓಡಿಸೋರು ನೀವು. ಹಾಸು ನೂಲಿಲ್ಲದೆ ಬರೀ ಹೊಕ್ಕು ನೂಲಲ್ಲಿ ಯಾವತ್ತಾದ್ರೂ ಬಟ್ಟೆ ನೇಯ್ದಿದೀರಾ?

ಇದು ನಿಮ್ಮ ತಲೆಗೆ ಹೊಳೆದಿದ್ದಲ್ಲ ಅಂತ ನಂಗೊತ್ತು. ಉಡುಮಲೈಪೇಟೆಯಿಂದ ನಿಮ್ಮಕ್ಕ ಬಂದು, "ನಮ್ಮ ವಿಮಲ್‌ಗೆ ತರೋ ಹುಡುಗಿ ಕಂಡೋರ ಕಾಲು ಹಿಡ್ಕೊಂಡು ಮಣ್ಣಲ್ಲಿ ಹೊರಳಾಡೋದಾ?" ಅಂದ್ರು. ನೀವು ತಲೆಯಾಡಿಸಿದ್ರಿ. ಅವಳಿನ್ನೂ ಎಂಟನೇ ಕ್ಲಾಸು. ಅತ್ತೆ ಮಗನಿಗೆ ಅಂತ ಈಗಲೇ ಎತ್ತಿಡೋಕೆ ಅವಳೇನು ಪೆಟ್ಟಿಗೆಯಲ್ಲಿರೋ ಸೀರೆನಾ? ಮಂಡಿ ತರಚಿಕೊಂಡು ಬಂದಾಗಲೂ ನಗ್ತಿದ್ದ ಮಗು ಈ ವಾರವೆಲ್ಲ ಒಂದ್ಸಲನೂ ನಕ್ಕಿಲ್ಲ. ಅದನ್ನಾದ್ರೂ ನೋಡಿದ್ರಾ?

ದೋಸೆ ಹಿಟ್ಟು ಫ್ರಿಜ್ಜಲ್ಲಿದೆ. ಚಟ್ನಿ ಮಾಡಿಲ್ಲ, ಮಾಡೋ ಮನಸ್ಸಿರಲಿಲ್ಲ. ನಿಮ್ಮಕ್ಕ ಇನ್ನೂ ಮಲಗಿದಾರೆ, ಎದ್ದ ಮೇಲೆ ಅವರಿಗೂ ನೀವೇ ಹುಯ್ದು ಕೊಡಿ. ಟ್ಯಾಂಕ್ ತುಂಬಿದ ತಕ್ಷಣ ಮೋಟರ್ ಆಫ್ ಮಾಡಿ.

ಏಳು ಗಂಟೆಗೆ ಮಾಸ್ಟರ್ ಬರ್ತಾರೆ. ಬರಬೇಡಿ ಅಂತ ನಾನು ಹೇಳಿಲ್ಲ, ಅವಳ ಬದಲು ಕಲಿಯೋರು ನೀವು ಅಂತ ಅವರಿಗೆ ಹೇಳಿದೀನಿ. ನಿಮ್ಮ ಚಡ್ಡಿ ತಾರಸಿ ಹಗ್ಗದಲ್ಲಿ ಒಣಗಿದೆ. ಎದುರು ಪಾರ್ಟಿಗೆ ಒಬ್ಬರು ಬೇಕಲ್ಲ, ನಿಮ್ಮಕ್ಕನನ್ನೂ ಕರ್ಕೊಂಡು ಹೋಗಿ. ಅವರ ಎದುರು ನಿಲ್ಲೋದನ್ನ ಈ ವಯಸ್ಸಲ್ಲಾದ್ರೂ ಕಲೀರಿ.

ಸೆಲ್ವಿ