ಕಿವಿಯ ನೌಕರಿ

ಕೇಶ್ವಾಪುರ, ಹುಬ್ಬಳ್ಳಿ
ತಾ. ೧೪ ಫೆಬ್ರುವರಿ ೧೯೪೩

ಚಿ. ಸೌ. ಸಂಗವ್ವಳಿಗೆ ನಿನ್ನ ನೀಲಕಂಠಪ್ಪನ ಆಶೀರ್ವಾದಗಳು.

ಪತ್ರ ತಡವಾಯಿತು. ಅದಕ್ಕೆ ಕ್ಷಮೆ ಕೇಳುವ ಮೊದಲು, ಬುದ್ಧಿ ಸ್ಥಿಮಿತದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಬಾಣಂತಿಗೆಂದು ನೆರೆಮನೆಯ ದಾವಲಬಿ ಡಬ್ಬಿ ತುಂಬ ಅಂಟಿನ ಉಂಡೆ ಕಟ್ಟಿಕೊಟ್ಟಿದ್ದಳು, ನಿನ್ನ ತವರು ಮುಗದಕ್ಕೆ ಕಳಿಸಲು. ಆ ಉಂಡೆಗಳನ್ನು ನಾನೇ ಉಂಡೆ. ಗುಂಡು ಪರೀಕ್ಷಿಸುವವನು ಗುಂಡಗಿದ್ದುದನ್ನೆಲ್ಲ ಪರೀಕ್ಷಿಸಬೇಕಾಗುತ್ತದೆ. ಒಂದೂ ಹುಸಿ ಹೋಗಲಿಲ್ಲವೆಂದು ಪ್ರಮಾಣೀಕರಿಸುತ್ತೇನೆ.

ಇನ್ನು ನಿನ್ನ ಪತ್ರ. "ಹೆಣ್ಣು ಹುಟ್ಟಿತಂತ ಮುನಿಸೇನ್ರಿ? ತೊಟ್ಟಿಲಕ್ಕ ಬಂದವರು ನಿಮ್ಮ ಮಗಳನ್ನ ಒಂದ ಸಲಾನೂ ಹೆಸರ ಹಿಡದು ಕರೀಲಿಲ್ಲ. ಹಿಂದಿನಿಂದ ನಾ ಕೂಗಿದರ ಹೊಳ್ಳಿ ಸುದ್ದಾ ನೋಡಲಿಲ್ಲ. ಖರೇ ಹೇಳೂತನಕ ನಿಮ್ಮ ಮಗಳನ್ನ ಕರಕೊಂಡು ನಾ ಬರೂದಿಲ್ಲ" ಎಂದು ಬರೆದಿದ್ದೀ.

ಮುನಿಸಿಲ್ಲ. ಆ ಕೂಸು ನನ್ನ ಹೆಬ್ಬೆರಳು ಹಿಡಿದು ಬಿಡಲೊಲ್ಲದೆ ಮಲಗಿದಾಗ, ನಾನು ರೈಲು ತಪ್ಪಿಸಿಕೊಂಡದ್ದನ್ನು ನಿಮ್ಮ ಮನೆಯವರೆಲ್ಲ ನೋಡಿದ್ದಾರೆ. ಮುನಿಸಿದ್ದವನು ಬೆರಳು ಬಿಡಿಸಿಕೊಂಡು ಹೋಗುತ್ತಿರಲಿಲ್ಲವೇ?

ಕೆಲಸದ ಗುಂಗಿನಲ್ಲಿ ಹಾಗೆ ಕಂಡಿರಬೇಕು. ನಮ್ಮ ಮದುವೆಯಲ್ಲಿ ನಿಮ್ಮ ಅಪ್ಪ ಕೇಳಿದ್ದರು: "ಬಿ.ಎ. ಮಾಡಿ ಕಿವಿ ಕೊಟ್ಟು ನಿಂದರೂದು, ಇದೆಂಥಾ ನೌಕರಿರೀ ಅಳಿಯಂದಿರ?" ಆಗ ನಾಚಿಕೊಂಡಿದ್ದೆ. ಈಗ ಹೇಳುತ್ತೇನೆ, ಓದಿ ತೋರಿಸು. ಯುದ್ಧಕ್ಕೆ ಹೋಗುವ ಕಾಡತೂಸುಗಳ ಪ್ರತಿ ಪೆಟ್ಟಿಗೆಯಿಂದ ಒಂದು ಹಿಡಿ ನಮ್ಮ ಮೈದಾನಕ್ಕೆ ಬರುತ್ತದೆ. ಕೈ ನಡುಗಿದ ತಪ್ಪು ಗುಂಡಿನ ತಲೆಗೆ ಬರಬಾರದೆಂದು ಬಂದೂಕನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿಯುತ್ತೇವೆ. ನಮ್ಮ ಸಿಪಾಯಿ ಬೀರಪ್ಪ ಹಾರಿಸುತ್ತಾನೆ. ಹಲಗೆಯ ಮೇಲೆ ತೂತುಗಳು ಒಂದರ ಮಗ್ಗುಲಿಗೆ ಒಂದು ಬಿದ್ದರೆ ಪೆಟ್ಟಿಗೆ ಪಾಸು. ಹಾರದ ಕಾಡತೂಸನ್ನು ತಟ್ಟನೆ ಹೊರಗೆ ತೆಗೆಯುವಂತಿಲ್ಲ; ಕೆಲವು ನಮ್ಮ ಕಾಲೇಜಿನ ಪಂಡಿತರ ಹಾಗೆ ವಿಚಾರ ಮಾಡಿ ಹಾರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಠುಸ್ ಎನ್ನುವಂಥದು. ಮದ್ದು ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಅದರ ಬೆನ್ನಿಗೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆದು ಬೀರಪ್ಪನ ಮುಖಕ್ಕೇ ಬರುತ್ತದೆ. ಸದ್ದು ಕೇಳಿ "ಹೂಂ" ಅಥವಾ "ನಿಲ್ಲು" ಎನ್ನುವವನು ನಿನ್ನ ಗಂಡ. ಸಾಹೇಬರು ಬಂದವರಿಗೆಲ್ಲ "ಇವರು ನಮ್ಮ ಮೈದಾನದ ಕಿವಿ" ಎಂದು ತೋರಿಸುತ್ತಾರೆ. ಕೈಯಿಂದ ಉಣ್ಣುವವರ ಊರಿನಲ್ಲಿ ಕಿವಿಯಿಂದ ಉಣ್ಣುವವನು ನಾನೊಬ್ಬನೇ.

ಅತ್ತೆ ಮಾವನವರಿಗೆ ಶರಣು ಹೇಳು. ತಣ್ಣೀರಿಗೆ ಕೈ ಹಾಕಬೇಡ. ಮಗಳಿಗೆ ನೂರು ವರ್ಷ ಆಯುಷ್ಯವಿರಲಿ. ನಿನಗೆ ನನ್ನನ್ನು ಸಹಿಸಿಕೊಳ್ಳಲು ಅದಕ್ಕಿಂತ ಒಂದು ಹೆಚ್ಚು.

ನಿನ್ನ,
ನೀಲಕಂಠಪ್ಪ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಖರೇ ಹೇಳು ಎಂದಿದ್ದೀ.

"ಮೈದಾನದ ಕಿವಿ" ಎಂಬುದು ದೀಪಾವಳಿಯ ತನಕದ ಮಾತು. ಆಮೇಲೆ ಒಂದು ಮುಂಜಾನೆ ಬೀರಪ್ಪ ಹಾರಿಸಿದ, ನಾನು "ಹೂಂ" ಎಂದೆ. ಅವನು ಇನ್ನೊಂದು ತುಂಬಿ ಎಳೆಯುವಷ್ಟರಲ್ಲಿ ಸಾಹೇಬರು ಓಡಿ ಬಂದು ಅವನ ಕೈ ಹಿಡಿದರು. ಮೊದಲಿನ ಗುಂಡು ನಳಿಗೆಯಲ್ಲೇ ಇತ್ತು. ನನ್ನ ಕಿವಿಯೊಳಗೆ ಸದಾ ಮೊರೆಯುವ ಸದ್ದನ್ನೇ ನಾನು ಬಂದೂಕಿನದೆಂದುಕೊಂಡಿದ್ದೆ. ಬೀರಪ್ಪ ಬಯ್ಯಲಿಲ್ಲ. ಮುಖ ಒರೆಸಿಕೊಂಡು, "ಮನ್ಯಾಗ ಮಕ್ಕಳದಾರ್ರಿ, ಮಾಸ್ತರ" ಎಂದ. ಅದನ್ನೂ ಅವನ ತುಟಿ ನೋಡಿ ತಿಳಿದುಕೊಂಡೆ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಅಷ್ಟಿಷ್ಟು ಕೇಳಿಸುತ್ತದೆ, ಅದೂ ಬಹಳ ದಿನವಿಲ್ಲವಂತೆ. ಈಗ ನಾನು ಹಲಗೆಯ ತೂತುಗಳಿಗೆ ಕಾಗದ ಅಂಟಿಸುತ್ತೇನೆ. ನೀನು ಕೂಗಿದ್ದು ನನಗೆ ಕೇಳಿಸಲಿಲ್ಲ, ಸಂಗವ್ವ.

ತೊಟ್ಟಿಲ ದಿನ ನಮ್ಮ ಬಾಳಕ್ಕ ಸೋದರತ್ತೆಯ ಹಕ್ಕಿನಿಂದ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಎದ್ದು ನಿಂತು ಎಲ್ಲರಿಗೂ ಕೂಗಿ ಹೇಳಿದಳು. ಅವಳ ಬೆನ್ನು ನನ್ನ ಕಡೆಗಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕು ಸಕ್ಕರೆ ಹಂಚಿದೆ. "ಹೆಸರು ನೀನೇ ಆರಿಸು" ಎಂದು ದೊಡ್ಡ ಮನಸ್ಸಿನಿಂದ ಬರೆದವನು, ನೀನು ಏನು ಆರಿಸಿದೆ ಎಂದು ಯಾರನ್ನು ಕೇಳಲಿ? ನಿನ್ನ ಪತ್ರದಲ್ಲಿ ಹುಡುಕಿದೆ. ಸಿಟ್ಟಿನಲ್ಲಿ ನೀನು ಎಲ್ಲ ಕಡೆಗೂ "ನಿಮ್ಮ ಮಗಳು" ಎಂದೇ ಬರೆದಿದ್ದೀ. ದಾವಲಬಿ ದಿನಾ ಕೇಳುತ್ತಾಳೆ, "ಹೆಸರ ಏನಿಟ್ರಿ, ಭಾಯಿ?" ನಾನು ಕೇಳಿಸದವನ ಹಾಗೆ ಒಳಗೆ ಹೋಗುತ್ತೇನೆ. ಅವಳ ತುಟಿ ನೋಡಿ ಆ ಮಾತು ಮಾತ್ರ ನನಗೆ ಚೆನ್ನಾಗಿ ತಿಳಿದಿರುತ್ತದೆ.

ನನ್ನ ಮಗಳ ಹೆಸರು ನನಗೆ ಗೊತ್ತಿಲ್ಲ. ಬರೆದು ಕಳಿಸು.